ಸೂರ್ಯೋಪಾಸನೆ: ಆಚಾರದ ಅರ್ಥವೂ ವಿಜ್ಞಾನದ ಒರೆಗಲ್ಲೂ

ದೇವತೆಗಳಲ್ಲಿ ಸೂರ್ಯನು ಪ್ರತ್ಯಕ್ಷನು. ಉಳಿದ ದೈವಗಳನ್ನು ಮನುಷ್ಯನು ಶ್ರದ್ಧೆಯಿಂದ ಅರಿಯಬೇಕು. ಸೂರ್ಯನನ್ನಾದರೋ ಕಣ್ಣಿನಿಂದ ಕಾಣುತ್ತಾನೆ, ಮೈಯಿಂದ ಅನುಭವಿಸುತ್ತಾನೆ, ಬೆಳೆದ ಬೆಳೆಯಲ್ಲಿ ಅವನ ಪ್ರಸಾದವನ್ನು ಪಡೆಯುತ್ತಾನೆ. ಆದುದರಿಂದಲೇ ವೇದಕಾಲದ ಋಷಿಯಿಂದ ಮೊದಲ್ಗೊಂಡು, ಗುಂಡ್ಲುಪೇಟೆಯ ಹೊಲದ ಬದುವಿನ ಮೇಲೆ ನಿಂತು ಮೂಡಣಕ್ಕೆ ಕೈಮುಗಿಯುವ ರೈತನವರೆಗೆ ಸೂರ್ಯವಂದನೆಯ ಪರಂಪರೆ ಅವಿಚ್ಛಿನ್ನವಾಗಿ ಹರಿದುಬಂದಿದೆ. ಶೈವ ಸಂಪ್ರದಾಯವು ಸೂರ್ಯನನ್ನು ಶಿವನ ಅಷ್ಟಮೂರ್ತಿಗಳಲ್ಲಿ ಒಂದೆಂದು ಗಣಿಸಿತು. ಭೂಮಿ, ನೀರು, ಅಗ್ನಿ, ವಾಯು, ಆಕಾಶ, ಚಂದ್ರ, ಯಜಮಾನ ಇವುಗಳೊಡನೆ ಸೂರ್ಯನೂ ಆ ಪರಶಿವನ ಕಾಣುವ ರೂಪ. ಕಾಳಿದಾಸನು ಶಾಕುಂತಲ ನಾಟಕದ ನಾಂದಿಯಲ್ಲಿ ಸ್ಮರಿಸಿರುವುದು ಈ ಎಂಟು ರೂಪಗಳನ್ನೇ.

ಇತ್ತೀಚಿನ ದಶಕಗಳಲ್ಲಿ ಸೂರ್ಯಸಂಬಂಧವಾದ ಪ್ರತಿಯೊಂದು ಆಚಾರಕ್ಕೂ ಒಂದು ‘ವೈಜ್ಞಾನಿಕ ಕಾರಣ’ವನ್ನು ಹೇಳುವ ರೂಢಿ ಬೆಳೆದಿದೆ. ಅರ್ಘ್ಯದ ನೀರಿನಲ್ಲಿ ಏಳು ಬಣ್ಣಗಳು ಒಡೆದು ರೋಗ ಕಳೆಯುವುದೆಂದೂ, ಗ್ರಹಣಕಾಲದ ವಿಷಕಿರಣಗಳು ಅನ್ನವನ್ನು ಕೆಡಿಸುವುವೆಂದೂ ಉಪನ್ಯಾಸಗಳಲ್ಲಿ ಕೇಳುತ್ತೇವೆ. ಆಚಾರದ ಗೌರವವನ್ನು ಉಳಿಸಬೇಕೆಂಬ ಸದುದ್ದೇಶದಿಂದಲೇ ಹೀಗೆ ಹೇಳುತ್ತಾರೆ. ಆದರೆ ಸುಳ್ಳು ಕಾರಣದ ಮೇಲೆ ನಿಲ್ಲಿಸಿದ ಆಚಾರವು, ಆ ಕಾರಣ ಸುಳ್ಳೆಂದು ತಿಳಿದ ದಿನ ತಾನೂ ಕುಸಿಯುತ್ತದೆ. ಅಷ್ಟರೊಳಗೆ ನಂಬಿದವರ ಕಣ್ಣಿಗೋ ಮೈಗೋ ಕೇಡು ತಂದಿರುತ್ತದೆ. ಆದುದರಿಂದ ಪ್ರತಿಯೊಂದು ಆಚಾರದ ವಿಷಯದಲ್ಲಿಯೂ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಯುಕ್ತ. ಆ ಆಚಾರವು ತಾನಾಗಿ ಹೇಳುವುದೇನು? ಅದರ ಪರವಾಗಿ ಹೇಳುವ ಕಾರಣವು ಪರೀಕ್ಷೆಗೆ ನಿಲ್ಲುತ್ತದೆಯೆ? ಅದನ್ನು ನಂಬಿ ನಡೆದವನಿಗೆ ಹಾನಿಯುಂಟೆ? ಚಾಮರಾಜನಗರ, ಗುಂಡ್ಲುಪೇಟೆಗಳ ನೆಲದ ಮೇಲೆ ನಿಂತೇ ಈ ವಿಚಾರ ಮಾಡಬಹುದು. ಸೂರ್ಯನ ಗತಿಯನ್ನು ಅರಿಯಲು ಬೇಕಾದ ಸಾಮಗ್ರಿ ಈ ಸೀಮೆಯಲ್ಲಿ ಹೇರಳವಾಗಿದೆ.

ಪ್ರಾತಃಕಾಲದ ಅರ್ಘ್ಯ

ಬೆಳಗ್ಗೆ ಮಿಂದು, ಪೂರ್ವಾಭಿಮುಖವಾಗಿ ನಿಂತು, ಬೊಗಸೆಯ ನೀರನ್ನು ಸೂರ್ಯನಿಗೆ ಅರ್ಪಿಸುವುದು ಅರ್ಘ್ಯ. ಬೀಳುವ ನೀರಿನ ಮೂಲಕ ಬಿಂಬವನ್ನು ನೋಡಿದರೆ ಏಳು ಬಣ್ಣದ ಕಿರಣಗಳು ದೇಹವನ್ನು ಸೇರುವುವೆಂಬ ವಿವರಣೆಯನ್ನು ಮೊದಲು ನೋಡೋಣ. ಕಾಮನಬಿಲ್ಲನ್ನು ಕಂಡವರೆಲ್ಲರಿಗೂ ಗೊತ್ತಿರುವ ಸಂಗತಿಯೊಂದಿದೆ: ಅದು ಕಾಣುವುದು ಸೂರ್ಯನಿಗೆ ಬೆನ್ನು ಮಾಡಿ ನಿಂತವನಿಗೆ. ಸೂರ್ಯನಿಗೆ ಮುಖಮಾಡಿ ಅರ್ಘ್ಯ ಬಿಡುವವನಿಗೆ ನೀರಧಾರೆಯಲ್ಲಿ ಕಾಮನಬಿಲ್ಲು ಮೂಡುವುದಿಲ್ಲ. ಮೂಡಿದರೂ ಆ ಬಣ್ಣಗಳು ಬಿಳಿಯ ಬೆಳಕಿನಲ್ಲಿ ಮೊದಲೇ ಇದ್ದವು; ಬಿಡಿಬಿಡಿಯಾಗಿ ಕಂಡ ಮಾತ್ರಕ್ಕೆ ಅವುಗಳಿಗೆ ಹೊಸ ಗುಣ ಬರಲಾರದು.

ಎರಡನೆಯ ವಿವರಣೆ ‘ಡಿ’ ಜೀವಸತ್ವದ್ದು. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳ ಒಂದು ಪಾಲು ನಮ್ಮ ಚರ್ಮದಲ್ಲಿ ಈ ಜೀವಸತ್ವವನ್ನು ಉತ್ಪಾದಿಸುತ್ತದೆ ಎಂಬುದು ನಿಜ. ಆದರೆ ಉದಯಕಾಲದ ಬಿಸಿಲಿನಲ್ಲಿ ಅದು ಆಗುವುದಿಲ್ಲ. ದಿಗಂತದಲ್ಲಿರುವ ಸೂರ್ಯನ ಬೆಳಕು, ನೆತ್ತಿಯ ಮೇಲಿರುವಾಗ ದಾಟುವುದಕ್ಕಿಂತ ಸುಮಾರು 38 ಪಟ್ಟು ಹೆಚ್ಚು ಗಾಳಿಯನ್ನು ದಾಟಿ ಬರಬೇಕು. ಆ ದಾರಿಯಲ್ಲಿ ಬೇಕಾದ ಕಿರಣಗಳು ಬಹುತೇಕ ಸೋಸಿಹೋಗುತ್ತವೆ. ನಮ್ಮ ನೆರಳು ನಮ್ಮ ಎತ್ತರಕ್ಕಿಂತ ಗಿಡ್ಡವಾಗುವ ಹೊತ್ತಿನ ಬಿಸಿಲು ಆ ಕೆಲಸಕ್ಕೆ ಬೇಕು. ಬೆಳಗಿನ ಅರ್ಘ್ಯದಿಂದ ಮೂಳೆ ಗಟ್ಟಿಯಾಗುವುದೆಂದು ನಂಬಿ, ಹಗಲೆಲ್ಲ ಮನೆಯೊಳಗೇ ಇರುವವರಿಗೆ ಈ ಕೊರತೆ ತಪ್ಪುವುದಿಲ್ಲ. ಬಿಸಿಲಿನ ನಾಡಾದ ಭಾರತದಲ್ಲಿಯೂ ಈ ಕೊರತೆ ವ್ಯಾಪಕವಾಗಿದೆ.

ಹಾಗಾದರೆ ಉದಯಕಾಲದ ವಂದನೆಯಲ್ಲಿ ದೇಹಕ್ಕೆ ಹಿತವೇನೂ ಇಲ್ಲವೆ? ಇದೆ, ಆದರೆ ಅದು ಬೇರೆಡೆ ಇದೆ. ಕಣ್ಣಿನ ಅಕ್ಷಿಪಟಲದಲ್ಲಿ ರೂಪವನ್ನು ಕಾಣುವ ಕೋಶಗಳಲ್ಲದೆ, ಬೆಳಕಿನ ಪ್ರಮಾಣವನ್ನು ಅಳೆದು ಮಿದುಳಿಗೆ ತಿಳಿಸುವ ಕೆಲವು ಕೋಶಗಳೂ ಇವೆಯೆಂದು ಈ ಶತಮಾನದ ಆರಂಭದಲ್ಲಿ ಖಚಿತವಾಯಿತು. ಆ ಸಂದೇಶದಿಂದ ಶರೀರದ ಒಳಗಡಿಯಾರವು ಪ್ರತಿದಿನವೂ ಸರಿಹೊಂದುತ್ತದೆ. ನಿದ್ರೆ, ಹಸಿವು, ದೇಹದ ಉಷ್ಣತೆಗಳ ಲಯ ಅದನ್ನು ಅನುಸರಿಸುತ್ತದೆ. ಜೀವಕೋಶಗಳೊಳಗಿನ ಈ ಗಡಿಯಾರದ ಯಂತ್ರಕ್ರಮವನ್ನು ಬಿಡಿಸಿ ತೋರಿಸಿದ ಹಾಲ್, ರಾಸ್‌ಬಾಶ್, ಯಂಗ್ ಎಂಬ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ನಿಯತವಾಗಿ ಬೆಳಗ್ಗೆ ಎದ್ದು ಬಯಲಿಗೆ ಬಂದು ನಿಲ್ಲುವವನು ಈ ಗಡಿಯಾರಕ್ಕೆ ಕೀಲಿ ಕೊಟ್ಟಂತೆ. ಅದಕ್ಕೆ ತೆರೆದ ಆಕಾಶದ ಬೆಳಕು ಸಾಕು, ಬಿಂಬವನ್ನು ದಿಟ್ಟಿಸಬೇಕಾಗಿಲ್ಲ.

ದಿಟ್ಟಿಸಲೇಬಾರದು ಎಂಬುದೇ ಮುಖ್ಯವಾದ ಮಾತು. ಸೂರ್ಯನನ್ನು ನೆಟ್ಟ ನೋಟದಿಂದ ನೋಡುವುದು ಸಾಧನೆಯೆಂದು ಬೋಧಿಸುವವರು ಇಂದು ಇದ್ದಾರೆ. ಅಕ್ಷಿಪಟಲಕ್ಕೆ ನೋವಿನ ಅರಿವಿಲ್ಲ. ಸುಡುವಾಗ ತಿಳಿಯದೆ, ದೃಷ್ಟಿಯ ನಡುವೆ ಕಲೆ ಬಿದ್ದ ಮೇಲೆ ತಿಳಿಯುತ್ತದೆ. ಈ ಎಚ್ಚರ ನಮ್ಮ ಪ್ರಾಚೀನರಿಗೆ ಇಲ್ಲದಿರಲಿಲ್ಲ. ಉದಯಿಸುವ, ಅಸ್ತಮಿಸುವ, ಗ್ರಹಣ ಹಿಡಿದ, ನೀರಿನಲ್ಲಿ ಪ್ರತಿಬಿಂಬಿಸಿದ, ನಡುಬಾನಿನಲ್ಲಿರುವ ಸೂರ್ಯನನ್ನು ನೋಡಕೂಡದೆಂದು ಮನುಸ್ಮೃತಿಯ ನಾಲ್ಕನೆಯ ಅಧ್ಯಾಯವು ಸ್ನಾತಕನಿಗೆ ವಿಧಿಸುತ್ತದೆ. ಅರ್ಘ್ಯ ಬಿಟ್ಟು ತಲೆಬಾಗುವುದು ಆಚಾರ. ಕಣ್ಣು ಕೀಲಿಸಿ ನಿಲ್ಲುವುದು ಅದರ ಭಾಗವಲ್ಲ.

ಸೂರ್ಯನಮಸ್ಕಾರದ ವಿಷಯವನ್ನೂ ಇಲ್ಲಿಯೇ ಹೇಳಬಹುದು. ಸೂರ್ಯನಿಗೆ ದಂಡಪ್ರಣಾಮ ಮಾಡುವ ಕ್ರಮ ಹಳೆಯದು. ಅದನ್ನು ಆಬಾಲವೃದ್ಧರ ವ್ಯಾಯಾಮವಾಗಿ ಹರಡಿದ ಕೀರ್ತಿ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಔಂಧ್ ಸಂಸ್ಥಾನದ ರಾಜರಾದ ಭವಾನರಾವ್ ಪಂತ ಪ್ರತಿನಿಧಿಯವರಿಗೆ ಸಲ್ಲುತ್ತದೆ. ಕರ್ನಾಟಕದಲ್ಲಿ, ‘ಶಾಂತಲಾ’ ಕಾದಂಬರಿಯ ಕರ್ತೃವೆಂದು ಸಾಹಿತ್ಯ ವಿದ್ಯಾರ್ಥಿಗಳು ಬಲ್ಲ ಕೆ. ವಿ. ಅಯ್ಯರ್ ಅವರು 1937ರಲ್ಲಿ ಅದರ ಮೇಲೊಂದು ಪುಸ್ತಕವನ್ನೇ ಪ್ರಕಟಿಸಿದರು. ಅದರಿಂದ ದೇಹಕ್ಕೆ ಆಗುವ ಪ್ರಯೋಜನ ಉಳಿದ ಸದ್ವ್ಯಾಯಾಮಗಳದ್ದೇ ಹೊರತು ಸೂರ್ಯನ ಯಾವುದೋ ಗುಪ್ತಕಿರಣದ್ದಲ್ಲ.

ಸಂಕ್ರಾಂತಿ, ಮಳೆನಕ್ಷತ್ರ, ರಥಸಪ್ತಮಿ

ನಿತ್ಯದ ಅರ್ಘ್ಯದಿಂದ ವರ್ಷದ ಹಬ್ಬಗಳಿಗೆ ಬಂದರೆ, ಅಲ್ಲಿ ನಮ್ಮ ಹಿರಿಯರ ಜ್ಞಾನವು ಇನ್ನೂ ಸ್ಪಷ್ಟವಾಗುತ್ತದೆ. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಮಕರ ಸಂಕ್ರಾಂತಿಯ ಸಂಜೆ ದನಗಳಿಗೆ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು ಕಿಚ್ಚು ಹಾಯಿಸುತ್ತಾರೆ; ಎಳ್ಳುಬೆಲ್ಲ ಬೀರುತ್ತಾರೆ. ಅಂದು ಸೂರ್ಯನು ಉತ್ತರಕ್ಕೆ ತಿರುಗುವನೆಂಬುದು ವಾಡಿಕೆಯ ಮಾತು. ಸೂರ್ಯನು ದಕ್ಷಿಣದ ಕಡೆಯ ಮೇರೆಯನ್ನು ಮುಟ್ಟಿ ಹಿಂದಿರುಗುವುದು ಡಿಸೆಂಬರ್ 21 ಅಥವಾ 22ರಂದು. ಸಂಕ್ರಾಂತಿ ಬರುವುದು ಜನವರಿ 14 ಅಥವಾ 15ರಂದು. ಸುಮಾರು ಸಾವಿರದ ಏಳುನೂರು ವರ್ಷಗಳ ಹಿಂದೆ ಇವೆರಡೂ ಒಂದೇ ದಿನ ಬೀಳುತ್ತಿದ್ದವು. ಭೂಮಿಯ ಅಕ್ಷವು ಬುಗುರಿಯಂತೆ ಮೆಲ್ಲನೆ ಓಲಾಡುವುದರಿಂದ, ನಕ್ಷತ್ರಗಳನ್ನು ಆಧರಿಸಿದ ವರ್ಷವು ಋತುಗಳನ್ನು ಆಧರಿಸಿದ ವರ್ಷಕ್ಕಿಂತ ಸುಮಾರು 20 ನಿಮಿಷ ದೀರ್ಘವಾಗಿದೆ. ಆ ನಿಮಿಷಗಳು ಕೂಡಿ ಸುಮಾರು 71 ವರ್ಷಗಳಿಗೊಮ್ಮೆ ಒಂದು ದಿನವಾಗುತ್ತವೆ. ಸ್ವಾಮಿ ವಿವೇಕಾನಂದರು ಜನಿಸಿದ ಮಕರ ಸಂಕ್ರಾಂತಿಯ ದಿನ 1863ರ ಜನವರಿ 12 ಎಂಬುದನ್ನು ನೆನೆದರೆ ಈ ಸರಿತವು ಕಣ್ಣಿಗೆ ಕಟ್ಟುತ್ತದೆ. ಹಾಗೆಂದ ಮಾತ್ರಕ್ಕೆ ಸಂಕ್ರಾಂತಿ ಸುಳ್ಳಲ್ಲ. ಅದು ಸೂರ್ಯನು ಮಕರ ರಾಶಿಯನ್ನು ಹೊಗುವ ನಿರಯನ ಗಣನೆಯ ದಿನ. ಉತ್ತರಾಯಣದ ಆರಂಭವನ್ನು ಅದರೊಡನೆ ಒಂದಾಗಿಸುವುದು ಮಾತ್ರ ಇಂದಿಗೆ ಹೊಂದದು.

ಇದೇ ಗಣನೆಯ ಬಹು ಉಪಯುಕ್ತವಾದ ರೂಪವು ಪಂಚಾಂಗಕ್ಕಿಂತ ರೈತನ ನಾಲಗೆಯಲ್ಲಿ ಉಳಿದಿದೆ. ‘ಭರಣಿ ಮಳೆ’, ‘ರೋಹಿಣಿ ಮಳೆ’, ‘ಆರಿದ್ರಾ ಮಳೆ’ ಎಂದು ಅವನು ಎಣಿಸುವುದು ಸೂರ್ಯನು ಆಯಾ ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳ ಅವಧಿಯನ್ನು. ಇಪ್ಪತ್ತೇಳು ನಕ್ಷತ್ರಗಳನ್ನು ಸೂರ್ಯನು ದಾಟಿದರೆ ಒಂದು ವರ್ಷ ತುಂಬುತ್ತದೆ. ತಿಥಿಯನ್ನು ನೆಚ್ಚಿದ ಹಬ್ಬಗಳು ವರ್ಷದಿಂದ ವರ್ಷಕ್ಕೆ ಹಿಂದುಮುಂದಾಗುತ್ತವೆ. ಮಳೆನಕ್ಷತ್ರಗಳು ಒಬ್ಬನ ಆಯುಷ್ಯದಲ್ಲಿ ಹೆಚ್ಚುಕಡಿಮೆ ಕದಲುವುದಿಲ್ಲ. ಬಿತ್ತನೆಗೆ ಚಂದ್ರನನ್ನು ಬಿಟ್ಟು ಸೂರ್ಯನನ್ನು ನೆಚ್ಚಿದ ಈ ವಿವೇಕವನ್ನು ನಿಜವಾಗಿ ವೈಜ್ಞಾನಿಕವೆಂದು ಕರೆಯಬಹುದು. ಮಳೆಯನ್ನು ತರುವುದು ನಕ್ಷತ್ರವಲ್ಲ, ಋತು. ನಕ್ಷತ್ರವು ಆ ಋತುವಿನ ಗಡಿಯಾರದ ಮುಳ್ಳು ಮಾತ್ರ.

ಮಾಘ ಶುದ್ಧ ಸಪ್ತಮಿಯೇ ರಥಸಪ್ತಮಿ. ಜನವರಿಯ ಕೊನೆಯಿಂದ ಫೆಬ್ರವರಿಯ ನಡುವಿನವರೆಗಿನ ಅವಧಿಯಲ್ಲಿ ಬೀಳುತ್ತದೆ. ಅಂದು ಸೂರ್ಯನ ರಥವು ಉತ್ತರಾಭಿಮುಖವಾಗಿ ಹೊರಳುವುದೆಂದು ನಂಬುಗೆ. ಚಾಮರಾಜನಗರದ ಅಕ್ಷಾಂಶದಲ್ಲಿ ಹಗಲು ಡಿಸೆಂಬರ್ ಕೊನೆಯಲ್ಲಿ ಸುಮಾರು 11 ಗಂಟೆ 25 ನಿಮಿಷ, ಜೂನ್ ಕೊನೆಯಲ್ಲಿ ಸುಮಾರು 12 ಗಂಟೆ 50 ನಿಮಿಷ ಇರುತ್ತದೆ. ಡಿಸೆಂಬರ್ ಕಳೆದ ಮೇಲೆ ಹಗಲು ಹೆಚ್ಚತೊಡಗಿದರೂ, ಸೂರ್ಯೋದಯವು ಜನವರಿಯ ಉತ್ತರಾರ್ಧದವರೆಗೆ ದಿನದಿನಕ್ಕೆ ತಡವಾಗುತ್ತಲೇ ಹೋಗುತ್ತದೆ. ಆ ಕಾಲದಲ್ಲಿ ಹಗಲು ಬೆಳೆಯುವುದು ಸಂಜೆಯ ಕಡೆಯಿಂದ. ಬೆಳಗು ಮುಂಚಿತವಾಗತೊಡಗುವುದು ರಥಸಪ್ತಮಿಯ ಆಸುಪಾಸಿನಲ್ಲಿ. ಹಬ್ಬವನ್ನು ಇದಕ್ಕಾಗಿಯೇ ಗೊತ್ತುಮಾಡಿದರೆಂದು ಸಾಧಿಸುವುದು ಸಲ್ಲದು. ಆದರೂ ದಿನವೂ ಉದಯವನ್ನು ಕಾದು ನಿಲ್ಲುವವನಿಗೆ, ರಥ ಹೊರಳಿತೆಂಬ ಮಾತು ಅನುಭವದ ಮಾತಾಗಿಯೇ ಕೇಳಿಸುತ್ತದೆ.

ಅಂದು ಏಳು ಎಕ್ಕದ ಎಲೆಗಳನ್ನು ತಲೆ, ಭುಜ ಮೊದಲಾದೆಡೆ ಇಟ್ಟುಕೊಂಡು ಮೀಯುವುದು ವಾಡಿಕೆ. ಎಕ್ಕವು ‘ಅರ್ಕ’ ಶಬ್ದದ ತದ್ಭವ, ಅರ್ಕನೆಂದರೆ ಸೂರ್ಯ. ಏಳು ಎಲೆಗಳು ಏಳು ಕುದುರೆಗಳ ಸಂಕೇತ. ಇಲ್ಲಿ ಶಬ್ದವೂ ಸಂಖ್ಯೆಯೂ ಸೇರಿ ಸ್ನಾನವನ್ನು ಪೂಜೆಯನ್ನಾಗಿ ಮಾಡಿವೆ. ಆ ಅರ್ಥ ತಾನೇ ಸುಂದರವಾದುದು. ಎಲೆಯ ಸತ್ತ್ವವು ನೆತ್ತಿಯಿಂದಿಳಿದು ರೋಗ ಕಳೆಯುವುದೆಂದು ಸೇರಿಸುವುದು ಅನಗತ್ಯ, ಅಪಾಯಕರ ಕೂಡ. ಎಕ್ಕದ ಹಾಲು ವಿಷಯುಕ್ತ. ಕಣ್ಣಿಗೆ ತಗುಲಿದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪಟಲವು ಊದಿ ದೃಷ್ಟಿ ಮಸುಕಾಗುತ್ತದೆ. ಮಕ್ಕಳ ತಲೆಯ ಮೇಲೆ ಎಲೆಯಿಡುವ ಮುನ್ನ ತೊಟ್ಟಿನ ಹಾಲನ್ನು ಚೆನ್ನಾಗಿ ತೊಳೆಯಬೇಕು.

ನೆರಳಿಲ್ಲದ ನಡುಹಗಲು

ಸೂರ್ಯನ ಉತ್ತರದ ಪಯಣ ಮುಂದುವರಿದಂತೆ ಈ ಸೀಮೆಯಲ್ಲಿ ಒಂದು ಚೋದ್ಯ ನಡೆಯುತ್ತದೆ. ಚಾಮರಾಜನಗರ, ಗುಂಡ್ಲುಪೇಟೆಗಳು ಉತ್ತರ ಅಕ್ಷಾಂಶದ ಸುಮಾರು 11.9 ಮತ್ತು 11.8 ಡಿಗ್ರಿಗಳಲ್ಲಿವೆ. ಏಪ್ರಿಲ್ 21–22 ಮತ್ತು ಆಗಸ್ಟ್ 21–22ರ ಸುಮಾರಿನಲ್ಲಿ ಸೂರ್ಯನು ಇಲ್ಲಿ ನೇರವಾಗಿ ನೆತ್ತಿಯ ಮೇಲೆ ಬರುತ್ತಾನೆ. ಆಗ ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಅದರ ಬುಡದಲ್ಲಿಯೇ ಅಡಗುತ್ತದೆ. ಆ ಕ್ಷಣ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, 12 ಗಂಟೆ 20 ರಿಂದ 25 ನಿಮಿಷದ ಹೊತ್ತಿಗೆ. ನಮ್ಮ ಗಡಿಯಾರಗಳು ಇಲ್ಲಿಗಿಂತ ಪೂರ್ವದಲ್ಲಿರುವ ರೇಖಾಂಶವನ್ನು ಅನುಸರಿಸುವುದೇ ಇದಕ್ಕೆ ಮುಖ್ಯ ಕಾರಣ. ಈ ಎರಡು ದಿನಗಳ ನಡುವಿನ ನಾಲ್ಕು ತಿಂಗಳು ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ, ಉಳಿದ ಕಾಲ ಉತ್ತರಕ್ಕೆ. ಕಾಶಿಯಲ್ಲಿ ಈ ನೋಟ ಎಂದಿಗೂ ದೊರೆಯದು. ಅದು ಕರ್ಕಾಟಕ ಸಂಕ್ರಾಂತಿವೃತ್ತಕ್ಕೆ ಉತ್ತರದಲ್ಲಿದೆ. ಶಂಕುವನ್ನು ನೆಟ್ಟು ನೆರಳನ್ನು ಅಳೆಯುವುದು ನಮ್ಮ ಪ್ರಾಚೀನ ಜ್ಯೋತಿರ್ವಿದರ ಮೊದಲ ಪಾಠವಾಗಿತ್ತು. ದೇವಾಲಯದ ಅಂಗಳದಲ್ಲಿ, ಶಾಲೆಯ ಬಯಲಿನಲ್ಲಿ ಆ ಎರಡು ದಿನ ಮಕ್ಕಳಿಗೆ ಇದನ್ನು ತೋರಿಸಿದರೆ, ಯಾವ ಉಪನ್ಯಾಸವೂ ಕಲಿಸಲಾರದುದನ್ನು ಒಂದು ಕೋಲು ಕಲಿಸುತ್ತದೆ.

ಕರ್ಣನ ಜಪವೂ ಸೂರ್ಯಕಾಂತಿಯೂ

ಸಾಹಿತ್ಯದಲ್ಲಿ ಸೂರ್ಯೋಪಾಸಕರ ಮಾತು ಬಂದಾಗ ಮೊದಲು ನೆನಪಾಗುವವನು ಕರ್ಣ. ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಕುಂತಿಯು ಗಂಗಾತೀರಕ್ಕೆ ಬಂದಾಗ ಅವನು ಪೂರ್ವಕ್ಕೆ ಮುಖಮಾಡಿ ಕೈಯೆತ್ತಿ ಜಪದಲ್ಲಿದ್ದಾನೆ. ಅವಳು ಅವನ ಹಿಂದೆ ಕಾದು ನಿಲ್ಲುತ್ತಾಳೆ. ಬೆನ್ನು ಬಿಸಿಯಾಗುವವರೆಗೆ ಜಪಿಸಿ ಅವನು ತಿರುಗುತ್ತಾನೆ. ಎಂದರೆ, ಸೂರ್ಯನು ನೆತ್ತಿಯನ್ನು ದಾಟಿ ಪಶ್ಚಿಮಕ್ಕೆ ಸರಿದರೂ ಉಪಾಸಕನು ಮೂಡಣದಿಂದ ಮುಖ ತಿರುಗಿಸಲಿಲ್ಲ. ಪಂಪನಿಂದ ಕುಮಾರವ್ಯಾಸನವರೆಗೆ ಕನ್ನಡ ಕವಿಗಳು ಕರ್ಣನಲ್ಲಿ ತೋರಿದ ಆದರಕ್ಕೆ ಅವನ ಈ ಸ್ಥೈರ್ಯವೂ ಒಂದು ಹೇತು.

ಮೈಸೂರಿನಿಂದ ಊಟಿಗೆ ಹೋಗುವ ಹೆದ್ದಾರಿಯಲ್ಲಿ ಮಳೆಗಾಲದ ಆರಂಭದ ತಿಂಗಳುಗಳಲ್ಲಿ ಗುಂಡ್ಲುಪೇಟೆಯನ್ನು ಹಾದುಹೋಗುವವರು ಸೂರ್ಯಕಾಂತಿಯ ಹೊಲಗಳ ಬಳಿ ನಿಲ್ಲದೆ ಮುಂದೆ ಹೋಗುವುದು ಅಪರೂಪ. ಪ್ರಾಚೀನ ಕಾವ್ಯಗಳ ಸೂರ್ಯಕಾಂತವು ಈ ಹೂವಲ್ಲ. ಅದು ಬಿಸಿಲು ತಾಗಿದರೆ ಬೆಂಕಿ ಕಾರುವ ಶಿಲೆ. ಅಮೆರಿಕೆಯಿಂದ ಹೊರಟು ಲೋಕವೆಲ್ಲ ಹರಡಿದ ಈ ಗಿಡವು ನಮ್ಮಲ್ಲಿ ಎಣ್ಣೆಕಾಳಿನ ಬೆಳೆಯಾಗಿ ಬೇರೂರಿದ್ದು 1970ರ ದಶಕದಿಂದೀಚೆಗೆ. ಈ ಹೂವು ದಿನವೆಲ್ಲ ಸೂರ್ಯನೊಡನೆ ತಿರುಗುವುದೆಂದು ಜನ ನಂಬುತ್ತಾರೆ. ತಿರುಗುವುದು ಎಳೆಯ ಗಿಡ ಮಾತ್ರ. ಹಗಲು ಕಾಂಡದ ಪೂರ್ವದ ಮಗ್ಗುಲು ಹೆಚ್ಚು ಬೆಳೆದು ತಲೆ ಪಶ್ಚಿಮಕ್ಕೆ ಬಾಗುತ್ತದೆ. ರಾತ್ರಿ ಪಶ್ಚಿಮದ ಮಗ್ಗುಲು ಬೆಳೆದು, ಸೂರ್ಯನು ಹುಟ್ಟುವ ಮುಂಚೆಯೇ ಗಿಡ ಮೂಡಣಕ್ಕೆ ಮುಖಮಾಡಿ ಕಾಯುತ್ತದೆ. ಬಲಿತು ಅರಳಿದ ಹೂವು ತಿರುಗುವುದನ್ನು ನಿಲ್ಲಿಸಿ ಪೂರ್ವಾಭಿಮುಖವಾಗಿಯೇ ಉಳಿಯುತ್ತದೆ. ಕ್ಯಾಲಿಫೋರ್ನಿಯದ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಪೂರ್ವಕ್ಕೆ ನಿಂತ ಹೂವು ಬೆಳಗ್ಗೆ ಬೇಗ ಬೆಚ್ಚಗಾಗುತ್ತದೆ. ಪಶ್ಚಿಮಕ್ಕೆ ತಿರುಗಿಸಿಟ್ಟ ಹೂವಿಗಿಂತ ಐದು ಪಟ್ಟು ಹೆಚ್ಚು ದುಂಬಿ ಜೇನುಗಳು ಅದಕ್ಕೆ ಎರಗುತ್ತವೆ. ಮಧ್ಯಾಹ್ನದ ಮೇಲೆ ಆ ಹೊಲದ ಹೂಗಳೆಲ್ಲ ಬಿಸಿಲಿಗೆ ಬೆನ್ನೊಡ್ಡಿ, ಮೂಡಣವನ್ನೇ ನೋಡುತ್ತ, ಕರ್ಣನಂತೆ ನಿಂತಿರುತ್ತವೆ. ಇದು ಕವಿಗೆ ಉಪಮೆ, ಗಿಡಕ್ಕೆ ಜೀವನೋಪಾಯ. ಎರಡೂ ನಿಜ, ಒಂದನ್ನು ಇನ್ನೊಂದೆಂದು ಹೇಳದಿದ್ದರಾಯಿತು.

ಆರೋಗ್ಯಂ ಬೇಡುವ ಭಕ್ತಿ

ಆರೋಗ್ಯವನ್ನು ಸೂರ್ಯನಲ್ಲಿ ಬೇಡಬೇಕೆಂಬುದು ಪುರಾತನ ನಂಬುಗೆ. ಕೃಷ್ಣನ ಮಗನಾದ ಸಾಂಬನು ಸೂರ್ಯಾರಾಧನೆಯಿಂದ ಕುಷ್ಠವನ್ನು ಕಳೆದುಕೊಂಡನೆಂದು ಪುರಾಣ. ಹರ್ಷನ ಆಸ್ಥಾನದ ಮಯೂರನು ಸೂರ್ಯಶತಕವನ್ನು ರಚಿಸಿ ಗುಣಹೊಂದಿದನೆಂದು ಐತಿಹ್ಯ. ಚರ್ಮಕ್ಕೂ ಬಿಸಿಲಿಗೂ ಸಂಬಂಧವಿದೆಯೆಂಬ ಈ ಅರಿವಿನಲ್ಲಿ ಸತ್ಯಾಂಶವಿದೆ. ಬಾಕುಚಿ ಬೀಜದ ಔಷಧವನ್ನು ಹಚ್ಚಿ ಬಿಸಿಲಿಗೆ ಒಡ್ಡುವ ಚಿಕಿತ್ಸೆಯನ್ನು ಆಯುರ್ವೇದವು ತೊನ್ನಿಗೆ ಹೇಳಿತು. ಅದೇ ಜಾತಿಯ ಸೋರಲೆನ್ ದ್ರವ್ಯವನ್ನು ಅತಿನೇರಳೆ ಕಿರಣಗಳೊಡನೆ ಬಳಸುವ ಕ್ರಮವು ಇಪ್ಪತ್ತನೆಯ ಶತಮಾನದ ಆಧುನಿಕ ವೈದ್ಯದಲ್ಲಿಯೂ ಸ್ಥಾನ ಪಡೆಯಿತು. ಚರ್ಮದ ಕ್ಷಯಕ್ಕೆ ಬೆಳಕಿನ ಚಿಕಿತ್ಸೆಯನ್ನು ರೂಪಿಸಿದ ಫಿನ್ಸೆನ್‌ಗೆ 1903ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ಆದರೆ ಹಳೆಯ ‘ಕುಷ್ಠ’ ಶಬ್ದವು ಹಲವು ಚರ್ಮರೋಗಗಳನ್ನು ಒಳಗೊಂಡಿತ್ತು. ಇಂದು ನಾವು ಕುಷ್ಠವೆನ್ನುವ ರೋಗವು ಹ್ಯಾನ್ಸೆನ್ 1873ರಲ್ಲಿ ಕಂಡುಹಿಡಿದ ರೋಗಾಣುವಿನಿಂದ ಬರುವಂಥದು. ಅದು ಬಿಸಿಲಿನಿಂದಾಗಲಿ ಸ್ತೋತ್ರದಿಂದಾಗಲಿ ಗುಣವಾಗುವುದಿಲ್ಲ. ಬಹು ಔಷಧ ಚಿಕಿತ್ಸೆಯಿಂದ ಸಂಪೂರ್ಣವಾಗಿ ಗುಣವಾಗುತ್ತದೆ, ಮತ್ತು ಆ ಔಷಧ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಸ್ಪರ್ಶಜ್ಞಾನವಿಲ್ಲದ ಮಚ್ಚೆ ಕಂಡವನು ಮೊದಲು ವೈದ್ಯನ ಬಳಿಗೆ ಹೋಗಲಿ, ಜೊತೆಗೆ ಸೂರ್ಯನಿಗೂ ಕೈಮುಗಿಯಲಿ. ತಡಮಾಡಿದರೆ ಬೆರಳುಗಳು ಹೋಗುತ್ತವೆ. ಹೋದ ಬೆರಳನ್ನು ಯಾವ ಪುರಾಣವೂ ತಂದುಕೊಡದು.

ಗ್ರಹಣ

ಸುಳ್ಳು ವಿವರಣೆಯ ಹಾನಿ ಅತ್ಯಂತ ಸ್ಫುಟವಾಗಿ ಕಾಣುವುದು ಗ್ರಹಣದ ವಿಷಯದಲ್ಲಿ. ಗ್ರಹಣವೆಂದರೆ ನೆರಳೆಂದು ಆರ್ಯಭಟನು ಕ್ರಿ.ಶ. 499ರಷ್ಟು ಹಿಂದೆಯೇ ಹೇಳಿದನು. 1868ರ ಆಗಸ್ಟ್ 18ರ ಸಂಪೂರ್ಣ ಸೂರ್ಯಗ್ರಹಣವನ್ನು ನಮ್ಮ ಜಮಖಂಡಿಯಲ್ಲಿಯೂ ಆಂಧ್ರದ ಗುಂಟೂರಿನಲ್ಲಿಯೂ ವಿದೇಶೀ ವಿದ್ವಾಂಸರು ಬೀಡುಬಿಟ್ಟು ವೀಕ್ಷಿಸಿದರು. ಆ ವರ್ಷದ ವರ್ಣಪಟಲ ವೀಕ್ಷಣೆಗಳ ಜಾಡಿನಲ್ಲಿಯೇ ಹೀಲಿಯಂ ಎಂಬ ಧಾತು ಭೂಮಿಗಿಂತ ಮೊದಲು ಸೂರ್ಯನಲ್ಲಿ ಪತ್ತೆಯಾಯಿತು. ಆ ಧಾತುವಿಗೆ ಸೂರ್ಯನ ಹೆಸರೇ ಉಳಿಯಿತು.

2019ರ ಡಿಸೆಂಬರ್ 26ರ ಬೆಳಗ್ಗೆ ಗುಂಡ್ಲುಪೇಟೆಯ ನೆರೆಯ ವಯನಾಡು, ನೀಲಗಿರಿಗಳಲ್ಲಿ ಸೂರ್ಯನು ಕಂಕಣಾಕಾರವಾಗಿ ಕಂಡನು. ಅದೇ ಬೆಳಗ್ಗೆ ಕಲಬುರಗಿ ಬಳಿಯ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯವುಳ್ಳ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತರು. ಗ್ರಹಣಕಾಲದ ವಿಶೇಷ ಶಕ್ತಿಯಿಂದ ಕೈಕಾಲು ಸರಿಯಾಗುವುವೆಂದು ತಾಯಿತಂದೆಗಳು ನಂಬಿದ್ದರು. ಆ ಮಕ್ಕಳು ಅತ್ತರು. ತಾಯಿತಂದೆಗಳಲ್ಲಿ ಪ್ರೀತಿಯ ಕೊರತೆಯಿರಲಿಲ್ಲ. ಗ್ರಹಣಕ್ಕೆ ವಿಶೇಷ ಕಿರಣಗಳುಂಟೆಂದು ಹೇಳುತ್ತ ಬಂದವರಲ್ಲಿ ಹೊಣೆಯ ಕೊರತೆಯಿತ್ತು. ಗ್ರಹಣದಲ್ಲಿ ಸೂರ್ಯನು ಹೊಸ ಕಿರಣವೊಂದನ್ನೂ ಹೊಮ್ಮಿಸುವುದಿಲ್ಲ. ಬರುವ ಬೆಳಕು ಕಡಿಮೆಯಾಗುತ್ತದೆ ಅಷ್ಟೆ. ಅನ್ನ ಕೆಡುವುದಿಲ್ಲ, ಗರ್ಭಕ್ಕೆ ಕುಂದು ಬರುವುದಿಲ್ಲ. ಅಪಾಯವಿರುವುದು ಬರಿಗಣ್ಣಿನ ನೋಟದಲ್ಲಿ: ಬೆಳಕು ತಗ್ಗಿದಾಗ ಕಣ್ಣಿನ ಪಾಪೆ ಹಿಗ್ಗುತ್ತದೆ, ನೋಡುವ ಧೈರ್ಯವೂ ಬರುತ್ತದೆ, ಉಳಿದ ಬಿಂಬದ ಅಂಚು ಎಂದಿನಂತೆಯೇ ಸುಡುತ್ತದೆ.

ಹಾಗಾದರೆ ಇಂಥ ನಂಬುಗೆಗಳು ಉಳಿಯುವುದು ಹೇಗೆ? ಕಾಕತಾಳೀಯದಿಂದ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುವರೆಂಬ ಅಪಖ್ಯಾತಿಯನ್ನು ಈ ಊರು ಬಹುಕಾಲ ಹೊತ್ತಿತು. ಕಾಗೆ ಕುಳಿತುದಕ್ಕೂ ತಾಳೆಹಣ್ಣು ಬಿದ್ದುದಕ್ಕೂ ಸಂಬಂಧ ಕಲ್ಪಿಸಿದಂತೆ ಅದು. ಸಿದ್ದರಾಮಯ್ಯನವರು ತಮ್ಮ ಮೊದಲ ಅವಧಿಯಲ್ಲಿ ಹಲವು ಬಾರಿ ಇಲ್ಲಿಗೆ ಬಂದೂ 2013ರಿಂದ 2018ರವರೆಗಿನ ಐದು ವರ್ಷಗಳನ್ನು ಪೂರೈಸಿದರು. ಈ ಕಲ್ಪಿತ ಸಂಬಂಧದಿಂದ ನೊಂದ ಊರಿನವರು ಗ್ರಹಣದ ವಿಷಯದಲ್ಲಿಯೂ ಅದೇ ತರ್ಕವನ್ನು ಪ್ರಶ್ನಿಸುವುದು ಸಹಜವಾಗಬೇಕು. ಜನನ ಮರಣಾದಿ ಪಂಚಸೂತಕಗಳನ್ನೂ, ತಿಥಿವಾರಗಳ ಭಯವನ್ನೂ ಹನ್ನೆರಡನೆಯ ಶತಮಾನದಲ್ಲಿಯೇ ತಳ್ಳಿಹಾಕಿದ ಶರಣರ ನಾಡಿನಲ್ಲಿ ನೆರಳಿಗೆ ಸೂತಕವನ್ನು ಅಂಟಿಸುವುದು ಒಪ್ಪುವ ಮಾತಲ್ಲ.

ಇಷ್ಟನ್ನೆಲ್ಲ ನೋಡಿದ ಮೇಲೆ ಉಳಿಯುವುದೇನು? ಉದಯಕ್ಕೆ ಮುನ್ನ ಏಳುವ ಶಿಸ್ತು ಉಳಿಯುತ್ತದೆ. ಮಳೆನಕ್ಷತ್ರಗಳ ಲೆಕ್ಕ, ನೆರಳಿನ ಪಾಠ, ಎಳ್ಳುಬೆಲ್ಲದ ಸಂತೋಷ ಉಳಿಯುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ, ಕೇಳದೆ ಕೊಡುವ ಬೆಳಕಿಗೆ ಸಲ್ಲಿಸುವ ಒಂದು ಬೊಗಸೆ ನೀರು ಉಳಿಯುತ್ತದೆ. ಆ ನೀರು ಕೃತಜ್ಞತೆಯ ಕುರುಹು. ಕೃತಜ್ಞತೆಗೆ ವೈಜ್ಞಾನಿಕ ಕಾರಣ ಬೇಕಿ��್ಲ, ಚಿಕಿತ್ಸೆಗೆ ಬೇಕು. ಈ ಎರಡನ್ನೂ ಬೇರೆಬೇರೆಯಾಗಿ ಅರಿತವನು ಅರ್ಘ್ಯವನ್ನೂ ಬಿಡಬೇಕಾಗಿಲ್ಲ, ಆಸ್ಪತ್ರೆಯನ್ನೂ ಬಿಡಬೇಕಾಗಿಲ್ಲ.